ಆಕ್ರಮಣದ ಲೆಕ್ಕ ಯಾರ ಖಾತೆಗೆ?

2022ರ ಫೆಬ್ರುವರಿ 22ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮೂವತ್ತು ವರ್ಷ ಹಳೆಯದಾದ ಒಂದು ಖಾತೆಯನ್ನು ಸರ್ವಾನುಮತದಿಂದ ಮುಕ್ತಾಯಗೊಳಿಸಿತು. 1990ರಲ್ಲಿ ಇರಾಕ್ ತನ್ನ ಪುಟ್ಟ ನೆರೆಯ ಕುವೈತ್ ಮೇಲೆ ಎರಗಿದ್ದಕ್ಕಾಗಿ ತೆರಬೇಕಾಗಿದ್ದ ಪರಿಹಾರದ ಖಾತೆ ಅದು. ಅದರ ಕೊನೆಯ ಕಂತು ಆ ವರ್ಷದ ಜನವರಿಯಲ್ಲಿ ಸಂದಾಯವಾಗಿತ್ತು. ಒಟ್ಟು ಮೊತ್ತ 5,240 ಕೋಟಿ ಡಾಲರ್. ಪಡೆದವರು ಸುಮಾರು 15 ಲಕ್ಷ ಮಂದಿ. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನ ಸರದಿಯಂತೆ ರಷ್ಯಾದ್ದಾಗಿತ್ತು. ಮರುದಿನ ರಾತ್ರಿ ಅದೇ ಮಂಡಳಿ ತುರ್ತು ಸಭೆ ಸೇರಿ, ಅದೇ ರಷ್ಯಾದ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಶಾಂತಿಯ ಮಾತನಾಡುತ್ತಿದ್ದಾಗಲೇ ಮಾಸ್ಕೋದಿಂದ ಪುಟಿನ್ ಅವರ ಘೋಷಣೆ ಹೊರಬಿತ್ತು. ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ಆರಂಭವಾಯಿತು.

ಒಂದು ಆಕ್ರಮಣದ ಲೆಕ್ಕ ಮುಗಿದ ಎರಡೇ ದಿನಗಳಲ್ಲಿ ಇನ್ನೊಂದು ಆಕ್ರಮಣದ ಲೆಕ್ಕ ತೆರೆದುಕೊಂಡ ಈ ಕಾಕತಾಳೀಯವನ್ನು ನಮ್ಮ ಪತ್ರಿಕೆಗಳು ಹೆಚ್ಚಾಗಿ ಗಮನಿಸಲಿಲ್ಲ. ನಾನು ಗಮನಿಸಲು ಕಾರಣ ನನ್ನ ಹಳೆಯ ಉದ್ಯೋಗ. 1990ರಲ್ಲಿ ನಾನು ಉಡುಪಿಯ ಬ್ಯಾಂಕ್ ಶಾಖೆಯೊಂದರಲ್ಲಿ ವಿದೇಶಿ ವಿನಿಮಯದ ಮೇಜಿನಲ್ಲಿ ಕೂರುತ್ತಿದ್ದೆ. ಕರಾವಳಿಯ ಆಗಿನ ಬ್ಯಾಂಕುಗಳಿಗೆ ಕೊಲ್ಲಿಯ ಡ್ರಾಫ್ಟ್ ಎಂದರೆ ಮಳೆಗಾಲದ ಮಳೆಯಿದ್ದಂತೆ. ಬರುತ್ತದೆ ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಹಂಚಿನ ಮನೆ ತಾರಸಿಯಾಗುವುದು, ಮಗಳ ಮದುವೆ ಗೊತ್ತಾಗುವುದು, ತಮ್ಮನ ಕಾಲೇಜು ಶುಲ್ಕ ಎಲ್ಲವೂ ಅದರ ಮೇಲೆ ನಿಂತಿದ್ದವು. ಆಗಸ್ಟ್ 2ರ ನಂತರ ಕುವೈತಿನ ಡ್ರಾಫ್ಟ್‌ಗಳು ನಿಂತುಹೋದವು. ಸೆಪ್ಟೆಂಬರಿನ ಹೊತ್ತಿಗೆ ಡ್ರಾಫ್ಟ್ ಕಳಿಸುತ್ತಿದ್ದವರೇ ಒಬ್ಬೊಬ್ಬರಾಗಿ ಬಂದು ನನ್ನ ಮೇಜಿನ ಮುಂದೆ ನಿಲ್ಲತೊಡಗಿದರು.

ಅವರಲ್ಲೊಬ್ಬರು ಕುಂದಾಪುರ ಕಡೆಯ ಮಹಿಳೆ. ಕುವೈತಿನ ಮನೆಯೊಂದರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆಗಿದ್ದವರು. ಬಸ್ಸಿನಲ್ಲಿ ಬಾಗ್ದಾದ್ ಮಾರ್ಗವಾಗಿ ಜೋರ್ಡಾನ್ ಗಡಿಗೆ, ಅಲ್ಲಿ ಮರುಭೂಮಿಯ ಡೇರೆಯಲ್ಲಿ ಹಲವು ದಿನ, ಅಮ್ಮಾನ್‌ನಿಂದ ವಿಮಾನದಲ್ಲಿ ಮುಂಬೈಗೆ, ಅಲ್ಲಿಂದ ಮತ್ತೆ ಬಸ್ಸಿನಲ್ಲಿ ಊರಿಗೆ. ಸೀರೆಯ ಸೆರಗಿನ ಗಂಟು ಬಿಚ್ಚಿ ಕೆಲವು ಕುವೈತಿ ದಿನಾರ್ ನೋಟುಗಳನ್ನು ಮೇಜಿನ ಮೇಲಿಟ್ಟು, ‘ಇದಕ್ಕೆ ಎಷ್ಟು ಸಿಗ್ತದೆ ಸಾರ್?’ ಎಂದರು. ಜುಲೈ ತಿಂಗಳಲ್ಲಿ ಒಂದು ದಿನಾರಿಗೆ ಅರವತ್ತು ರೂಪಾಯಿಯ ಆಸುಪಾಸು ಬೆಲೆಯಿತ್ತು. ಆ ದಿನ ಅದನ್ನು ಸ್ವೀಕರಿಸಲು ನಮ್ಮ ಶಾಖೆಗೆ ಯಾವ ಸೂಚನೆಯೂ ಇರಲಿಲ್ಲ. ದೇಶವೇ ಇಲ್ಲವಾಗಿದೆ ಎಂದು ಘೋಷಿಸಲಾಗಿದ್ದ ದೇಶದ ನೋಟು ಅದು. ಆಗಸ್ಟ್ 28ರಂದು ಇರಾಕ್ ಕುವೈತನ್ನು ತನ್ನ ಹತ್ತೊಂಬತ್ತನೆಯ ಪ್ರಾಂತ್ಯ ಎಂದು ಸಾರಿತ್ತು. ನಾನು ನೋಟುಗಳನ್ನು ಹಿಂದಕ್ಕೆ ಸರಿಸಿದೆ. ಆಕೆ ಏನೂ ಹೇಳದೆ ಮತ್ತೆ ಗಂಟು ಹಾಕಿಕೊಂಡರು.

ಬಲಾಢ್ಯ ದೇಶವೊಂದು ನೆರೆಯವನ ಮೇಲೆ ಏಕೆ ಎರಗುತ್ತದೆ? ಪಠ್ಯಪುಸ್ತಕದ ಉತ್ತರ ದುರಾಸೆ. ಇರಾಕಿನ ವಿಷಯದಲ್ಲಿ ಅದು ಪೂರ್ಣ ಸತ್ಯವಲ್ಲ. 1980ರಿಂದ 1988ರವರೆಗೆ ಇರಾನ್ ಜೊತೆ ನಡೆಸಿದ ಯುದ್ಧ ಇರಾಕನ್ನು ಸಾಲದಲ್ಲಿ ಮುಳುಗಿಸಿತ್ತು. ಸಾಲ ಕೊಟ್ಟವರಲ್ಲಿ ಕುವೈತ್ ಕೂಡ ಒಂದು. ಇರಾನಿನ ಭಯದಿಂದ ತನಗಾಗಿಯೇ ಇರಾಕ್ ಹೋರಾಡುತ್ತಿದೆ ಎಂದು ಹಣ ಕೊಟ್ಟ ಕುವೈತ್, ಯುದ್ಧ ಮುಗಿದ ಮೇಲೆ ಸಾಲ ಮನ್ನಾ ಮಾಡಲು ಒಪ್ಪಲಿಲ್ಲ. ಮೇಲಾಗಿ ತೈಲ ರಫ್ತು ರಾಷ್ಟ್ರಗಳ ಒಕ್ಕೂಟ ನಿಗದಿಪಡಿಸಿದ್ದ ಮಿತಿ ಮೀರಿ ತೈಲ ತೆಗೆಯಿತು. 1990ರ ಮೊದಲ ಆರು ತಿಂಗಳಲ್ಲಿ ತೈಲದ ಬೆಲೆ ಗಣನೀಯವಾಗಿ ಕುಸಿಯಿತು. ಬ್ಯಾರೆಲ್‌ಗೆ ಒಂದು ಡಾಲರ್ ಇಳಿದರೆ ತನಗೆ ವರ್ಷಕ್ಕೆ ನೂರು ಕೋಟಿ ಡಾಲರ್ ನಷ್ಟ ಎಂದು ಸದ್ದಾಂ ಹುಸೇನ್ ಗೋಳಿಡುತ್ತಿದ್ದರು. ಗಡಿಯ ರುಮೈಲಾ ತೈಲಕ್ಷೇತ್ರದಿಂದ ಕುವೈತ್ ತನ್ನ ಪಾಲಿನ ತೈಲವನ್ನು ಕದಿಯುತ್ತಿದೆ ಎಂಬ ದೂರೂ ಇತ್ತು. ಸಮುದ್ರಕ್ಕೆ ಸಾಕಷ್ಟು ದಾರಿಯಿಲ್ಲದ ಇರಾಕಿಗೆ ವಾರ್ಬಾ ಮತ್ತು ಬುಬಿಯಾನ್ ದ್ವೀಪಗಳ ಮೇಲೆ ಕಣ್ಣಿತ್ತು.

ಈ ದೂರುಗಳಲ್ಲಿ ಕೆಲವು ನಿಜವೂ ಹೌದು. ಕುವೈತಿನ ಅರಸೊತ್ತಿಗೆ ಸಾಧುವೇನೂ ಆಗಿರಲಿಲ್ಲ. ಜುಗ್ಗತನ ಮತ್ತು ಅಹಂಕಾರ ಅದಕ್ಕಿದ್ದವು. ಆದರೆ ಸಾಲಗಾರನಿಗೆ ಸಾಲ ಕೊಟ್ಟವನ ಮೇಲೆ ನ್ಯಾಯವಾದ ಸಿಟ್ಟಿದ್ದರೂ ಅದು ಅವನ ಮನೆಗೆ ನುಗ್ಗುವ ಹಕ್ಕನ್ನು ಕೊಡುವುದಿಲ್ಲ. ಇದು ಬ್ಯಾಂಕಿನಲ್ಲಿ ಮೂರು ದಶಕ ಕಳೆದವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ನ್ಯಾಟೊ ವಿಸ್ತರಣೆಯ ಬಗ್ಗೆ ರಷ್ಯಾಕ್ಕೆ ಆತಂಕವಿತ್ತು ಎಂದು ನನ್ನ ಗೆಳೆಯರು ಇಂದು ವಾದಿಸುವಾಗ ನನಗೆ ರುಮೈಲಾ ನೆನಪಾಗುತ್ತದೆ. ಆತಂಕ ಇದ್ದಿರಬಹುದು. ಕಾರಣವನ್ನು ವಿವರಿಸುವುದು ಬೇರೆ, ಅದನ್ನು ಸಮರ್ಥನೆಯಾಗಿ ಒಪ್ಪಿಕೊಳ್ಳುವುದು ಬೇರೆ.

ದೂರುಗಳ ಜೊತೆಗೆ ಇತಿಹಾಸವೂ ಬಂದು ಸೇರಿಕೊಳ್ಳುತ್ತದೆ. ಅಟಮಾನ್ ಸಾಮ್ರಾಜ್ಯದ ಕಾಲದಲ್ಲಿ ಕುವೈತ್ ಬಸ್ರಾ ಪ್ರಾಂತ್ಯಕ್ಕೆ ಸೇರಿತ್ತು, ಬ್ರಿಟಿಷರು ಕೃತಕ ಗೆರೆ ಎಳೆದರು ಎಂಬುದು ಬಾಗ್ದಾದಿನ ಹಳೆಯ ವಾದ. 1961ರಲ್ಲಿ ಕುವೈತ್ ಸ್ವತಂತ್ರವಾದ ಕೆಲವೇ ದಿನಗಳಲ್ಲಿ ಅಬ್ದುಲ್ ಕರೀಂ ಖಾಸಿಂ ಇದೇ ವಾದ ಮುಂದಿಟ್ಟಿದ್ದರು. ಆದರೆ 1963ರಲ್ಲಿ ಇರಾಕ್ ತಾನೇ ಕುವೈತಿನ ಸ್ವಾತಂತ್ರ್ಯವನ್ನು ಲಿಖಿತವಾಗಿ ಮಾನ್ಯ ಮಾಡಿತ್ತು. ಉಕ್ರೇನ್ ಪ್ರಕರಣವೂ ಇದೇ ಅಚ್ಚಿನದು. ರಷ್ಯನ್ನರು ಮತ್ತು ಉಕ್ರೇನಿಯನ್ನರು ಒಂದೇ ಜನ ಎಂದು 2021ರ ಜುಲೈನಲ್ಲಿ ಪುಟಿನ್ ಉದ್ದನೆಯ ಲೇಖನ ಬರೆದರು. 1994ರ ಬುಡಾಪೆಸ್ಟ್ ಒಪ್ಪಂದದಲ್ಲಿ, ಅಣ್ವಸ್ತ್ರ ತ್ಯಜಿಸಿದ ಉಕ್ರೇನಿನ ಗಡಿಗಳನ್ನು ಗೌರವಿಸುವುದಾಗಿ ಮಾಸ್ಕೋ ಹಾಕಿದ್ದ ಸಹಿ ಆ ಲೇಖನದ ಮುಂದೆ ಕಾಗದದ ಚೂರಾಯಿತು. ಗಡಿಯ ಪ್ರತಿಯೊಂದು ಗೆರೆಯನ್ನೂ ಹೀಗೆ ಹಿಂದಿನ ಯಾವುದೋ ಸಾಮ್ರಾಜ್ಯದ ನಕ್ಷೆ ಬಿಡಿಸಿ ಪ್ರಶ್ನಿಸಬಹುದಾದರೆ, ಮ್ಯಾಕ್‌ಮಹೋನ್ ರೇಖೆಯನ್ನು ನೆಚ್ಚಿಕೊಂಡಿರುವ ನಾವು ಎಲ್ಲಿ ನಿಲ್ಲುತ್ತೇವೆ?

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಮೊದಲ ಅಪರಾಧಕ್ಕೆ ಬೆಲೆ ತೆರಬೇಕಾಗಿ ಬರದೆ ಇದ್ದದ್ದು. 1980ರ ಸೆಪ್ಟೆಂಬರ್‌ನಲ್ಲಿ ಇರಾಕ್ ಇರಾನಿನೊಳಕ್ಕೆ ನುಗ್ಗಿದಾಗ ಭದ್ರತಾ ಮಂಡಳಿ ಅಂಗೀಕರಿಸಿದ ನಿರ್ಣಯ ಹೋರಾಟ ನಿಲ್ಲಿಸಿ ಎಂದಿತೇ ಹೊರತು, ಸೇನೆ ಹಿಂದೆಗೆಯಿರಿ ಎಂದು ಹೇಳಲಿಲ್ಲ. ಇರಾನಿನ ಹೊಸ ಆಡಳಿತವನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಎಂಟು ವರ್ಷ ಜಗತ್ತು ಸದ್ದಾಂಗೆ ಶಸ್ತ್ರ ಮಾರಿತು, ಸಾಲ ಕೊಟ್ಟಿತು, ರಾಸಾಯನಿಕ ಅಸ್ತ್ರ ಪ್ರಯೋಗವನ್ನು ಕಂಡೂ ಕಾಣದಂತಿತ್ತು. 1990ರ ಜುಲೈ 25ರಂದು ಅಮೆರಿಕದ ರಾಯಭಾರಿ ಏಪ್ರಿಲ್ ಗ್ಲಾಸ್ಪಿ ಅವರು, ಅರಬ್ಬರ ನಡುವಿನ ಗಡಿ ವಿವಾದದಲ್ಲಿ ತಮ್ಮ ದೇಶಕ್ಕೆ ಅಭಿಪ್ರಾಯವಿಲ್ಲ ಎಂಬರ್ಥದ ಮಾತನ್ನು ಸದ್ದಾಂ ಎದುರು ಆಡಿದರು. ಅದು ಹಸಿರು ನಿಶಾನೆಯಾಗಿತ್ತೇ ಎಂಬ ಚರ್ಚೆ ಮುಗಿದಿಲ್ಲ. ಆದರೆ ಹತ್ತು ವರ್ಷ ಕೆಂಪು ದೀಪ ಕಾಣದವನಿಗೆ ಹಸಿರು ನಿಶಾನೆಯ ಅಗತ್ಯವಾದರೂ ಏನಿತ್ತು? ರಷ್ಯಾ 2008ರಲ್ಲಿ ಜಾರ್ಜಿಯಾಕ್ಕೆ ನುಗ್ಗಿತು. 2014ರಲ್ಲಿ ಕ್ರಿಮಿಯಾವನ್ನು ನುಂಗಿತು. ಯುರೋಪ್ ಒಂದಿಷ್ಟು ನಿರ್ಬಂಧ ಹೇರಿ ರಷ್ಯಾದ ಅನಿಲ ಕೊಳ್ಳುವುದನ್ನು ಮುಂದುವರಿಸಿತು.

ಇನ್ನು ಪರಿಣಾಮಗಳು. ಕುವೈತನ್ನು ನುಂಗಲು ಇರಾಕಿಗೆ ಎರಡು ದಿನ ಸಾಕಾಯಿತು. ಕಕ್ಕಿಸಲು ಏಳು ತಿಂಗಳು ಬೇಕಾದವು. ಹಿಮ್ಮೆಟ್ಟುವಾಗ ಇರಾಕಿ ಸೈನ್ಯ ಆರು ನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ಕೊನೆಯ ಬಾವಿಯ ಬೆಂಕಿ ಆರಿದ್ದು 1991ರ ನವೆಂಬರಿನಲ್ಲಿ. ಕುವೈತಿನಲ್ಲಿ ನೆಲೆಸಿದ್ದ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಲ್ಲಿ ಬಹುಪಾಲು ಜನ, ತಮ್ಮ ನಾಯಕ ಅರಾಫತ್ ಸದ್ದಾಂ ಕಡೆಗೆ ವಾಲಿದ ತಪ್ಪಿಗೆ, ಎರಡನೆಯ ಬಾರಿ ನಿರಾಶ್ರಿತರಾದರು. ಯುದ್ಧ ಮಾಡಿದವರೂ ಅಲ್ಲ, ಮಾಡಿಸಿದವರೂ ಅಲ್ಲ.

ನಮ್ಮ ದೇಶಕ್ಕೆ ಏನಾಯಿತು ಎಂಬುದನ್ನು ನಾವು ಬೇಗ ಮರೆತಿದ್ದೇವೆ. ಆಕ್ರಮಣವಾದ ಐದನೆಯ ದಿನ, ಆಗಸ್ಟ್ 7ರಂದು ವಿ.ಪಿ. ಸಿಂಗ್ ಮಂಡಲ್ ವರದಿಯ ಜಾರಿಯನ್ನು ಪ್ರಕಟಿಸಿದರು. ಬೀದಿಗಳು ಹೊತ್ತಿಕೊಂಡವು, ಪತ್ರಿಕೆಗಳ ಮುಖಪುಟದಿಂದ ಕುವೈತ್ ಒಳಪುಟಕ್ಕೆ ಸರಿಯಿತು. ಆದರೆ ಅದರ ಬಿಸಿ ಮಾತ್ರ ಸರಿಯಲಿಲ್ಲ. ಕಚ್ಚಾ ತೈಲದ ಬೆಲೆ ಅಕ್ಟೋಬರ್ ವೇಳೆಗೆ ಎರಡು ಪಟ್ಟಿಗೂ ಮೀರಿ ಏರಿತು. ಕೊಲ್ಲಿಯಿಂದ ಬರುತ್ತಿದ್ದ ಹಣ ಇಳಿಯಿತು. ಇರಾಕ್, ಕುವೈತ್ ಮಾರುಕಟ್ಟೆಗಳು ಮುಚ್ಚಿದವು. ಮೊದಲೇ ಬಡಕಲಾಗಿದ್ದ ನಮ್ಮ ವಿದೇಶಿ ವಿನಿಮಯ ಸಂಗ್ರಹ, 1991ರ ಮಧ್ಯಭಾಗದಲ್ಲಿ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಬಂದು ನಿಂತಿತು. ಮೇ ತಿಂಗಳಲ್ಲಿ 20 ಟನ್, ಜುಲೈನಲ್ಲಿ ಸುಮಾರು 47 ಟನ್ ಚಿನ್ನ ದೇಶ ಬಿಟ್ಟು ಹೋಯಿತು. ಇದಕ್ಕೆಲ್ಲ ಕುವೈತ್ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಎಂಬತ್ತರ ದಶಕದ ನಮ್ಮದೇ ದುಂದುಗಾರಿಕೆ ಬಾವಿ ತೋಡಿತ್ತು, ಸದ್ದಾಂ ತಳ್ಳಿದರು. ಯಾವ ನಕ್ಷೆಯಲ್ಲೂ ನೆರೆಯಲ್ಲದ ದೇಶದ ರಿಸರ್ವ್ ಬ್ಯಾಂಕಿನ ತಿಜೋರಿ ಬಾಗ್ದಾದಿನ ಒಂದು ನಿರ್ಧಾರದಿಂದ ತೆರೆದುಕೊಂಡಿತ್ತು ಎಂಬುದಷ್ಟೇ ನನ್ನ ಮಾತು. 2022ರಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ನೋಡಿ ನಮ್ಮ ಅಡುಗೆಮನೆಗಳು ಬೆಚ್ಚಿದ್ದೂ ಇದೇ ದಾರಿಯ ಪಯಣ.

ಈಗ ಆ ಪರಿಹಾರದ ಖಾತೆಗೆ ಮರಳುತ್ತೇನೆ. 1991ರಲ್ಲಿ ಭದ್ರತಾ ಮಂಡಳಿ ಸ್ಥಾಪಿಸಿದ ಪರಿಹಾರ ಆಯೋಗ ಒಂದು ಅಪರೂಪದ ನಿಯಮ ಮಾಡಿಕೊಂಡಿತ್ತು: ಮೊದಲು ಸಾಮಾನ್ಯ ಜನರಿಗೆ, ನಂತರ ಕಂಪೆನಿ ಮತ್ತು ಸರ್ಕಾರಗಳಿಗೆ. ಕುವೈತ್ ಅಥವಾ ಇರಾಕ್ ತೊರೆದು ಓಡಬೇಕಾಗಿ ಬಂದವರು ಸರಳ ದಾಖಲೆ ತೋರಿಸಿದರೆ ನಿಗದಿತ ಮೊತ್ತ. ಬೇರೆ ಯಾವ ಹಕ್ಕನ್ನೂ ಮಂಡಿಸದ ಒಂಟಿ ವ್ಯಕ್ತಿಗೆ 4,000 ಡಾಲರ್. ಅಂತರರಾಷ್ಟ್ರೀಯ ಕಾನೂನಿನ ಇತಿಹಾಸದಲ್ಲಿ ಆಯಾ, ಚಾಲಕ, ಗಾರೆ ಕೆಲಸಗಾರ ತೈಲ ಕಂಪೆನಿಗಿಂತ ಮುಂದೆ ಸಾಲಿನಲ್ಲಿ ನಿಂತ ಪ್ರಸಂಗ ಬಹುಶಃ ಇದೊಂದೇ. ನಮ್ಮ ವಿದೇಶಾಂಗ ಸಚಿವಾಲಯ ಇದಕ್ಕಾಗಿ ಪ್ರತ್ಯೇಕ ವಿಭಾಗವನ್ನೇ ತೆರೆದು ಅರ್ಜಿಗಳನ್ನು ಸಂಗ್ರಹಿಸಿತು. ಸರ್ಕಾರಿ ವ್ಯವಸ್ಥೆಯನ್ನು ಬೈಯುವುದೇ ಅಭ್ಯಾಸವಾಗಿರುವ ನಾನು ಆ ಕೆಲಸಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಕುಂದಾಪುರದ ಆ ಮಹಿಳೆಗೂ ತೊಂಬತ್ತರ ದಶಕದ ಕೊನೆಯಲ್ಲಿ ಎರಡು ಕಂತುಗಳಲ್ಲಿ ಹಣ ಬಂತು. ರೂಪಾಯಿಯಲ್ಲಿ ಸುಮಾರು ಒಂದೂವರೆ ಲಕ್ಷ. ಅಷ್ಟರಲ್ಲಿ ನಾನು ಬೇರೆ ಶಾಖೆಗಳನ್ನು ಸುತ್ತಿ ಮತ್ತೆ ಉಡುಪಿಗೆ ಬಂದಿದ್ದೆ. ‘ಯಾರು ಕೊಟ್ಟದ್ದು ಸಾರ್ ಇದು, ಕುವೈತಿನವರಾ?’ ಎಂದು ಕೇಳಿದರು. ಇರಾಕಿನ ತೈಲ ಮಾರಿ ಬಂದ ಹಣ ಅಮ್ಮ, ಎಂದೆ. ಆಕೆ ಸ್ವಲ್ಪ ಹೊತ್ತು ಪಾಸ್‌ಬುಕ್ಕನ್ನೇ ನೋಡುತ್ತಿದ್ದು, ‘ಅಲ್ಲಿ ಅವರ ಮಕ್ಕಳಿಗೇ ಮದ್ದು ಇಲ್ಲ ಅಂತ ಪೇಪರಿನಲ್ಲಿ ಬರ್ತದಲ್ಲ?’ ಎಂದರು.

ಅವರು ಓದಿದ್ದು ಸರಿಯಾಗಿತ್ತು. ನಿರ್ಬಂಧಗಳಿಂದ ಬಳಲಿದ ಇರಾಕಿಗೆ ಆಹಾರ ಮತ್ತು ಔಷಧಕ್ಕಾಗಿ ತೈಲ ಮಾರಲು 1996ರ ಕೊನೆಯಲ್ಲಿ ಅವಕಾಶ ಸಿಕ್ಕಿತು. ಹಾಗೆ ಮಾರಿದ ತೈಲದ ಪ್ರತಿ ನೂರು ಡಾಲರಿನಲ್ಲಿ ಮೂವತ್ತು ಡಾಲರ್ ಪರಿಹಾರ ನಿಧಿಗೆ ಹೋಗುತ್ತಿತ್ತು. ಮುಂದೆ ಅದು ಇಪ್ಪತ್ತೈದಕ್ಕೆ, 2003ರ ನಂತರ ಐದಕ್ಕೆ ಇಳಿಯಿತು. ಸದ್ದಾಂ 2006ರ ಡಿಸೆಂಬರಿನಲ್ಲಿ ನೇಣಿಗೇರಿದರು. ಕಂತು ಮಾತ್ರ ಇನ್ನೂ ಹದಿನೈದು ವರ್ಷ ನಡೆಯಿತು. ಆಕ್ರಮಣದ ವರ್ಷ ಹುಟ್ಟಿದ ಇರಾಕಿ ಶಿಶು ಮೂವತ್ತೊಂದು ದಾಟುವವರೆಗೆ, ತಾನು ಮಾಡದ ತಪ್ಪಿನ ಸಾಲ ತೀರಿಸಿತು. ಆ ಮಹಿಳೆಯ ಹಣ ನ್ಯಾಯವಾದದ್ದೇ. ಅದನ್ನು ಕೊಟ್ಟವರು ಅಪರಾಧಿಗಳಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಈ ಗಂಟನ್ನು ಬಿಡಿಸಲು ನನಗೆ ಇಂದಿಗೂ ಆಗಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಇರಾಕ್ ತೆತ್ತದ್ದು ತಪ್ಪು ಮಾಡಿದ್ದಕ್ಕೆ ಮಾತ್ರವಲ್ಲ, ಸೋತದ್ದಕ್ಕೆ. 2003ರಲ್ಲಿ ಅಮೆರಿಕ ಮತ್ತು ಬ್ರಿಟನ್ ಭದ್ರತಾ ಮಂಡಳಿಯ ಒಪ್ಪಿಗೆಯಿಲ್ಲದೆ ಅದೇ ಇರಾಕಿಗೆ ನುಗ್ಗಿದವು. ಇದ್ದವೆಂದು ಹೇಳಿದ ಸಮೂಹನಾಶಕ ಅಸ್ತ್ರಗಳು ಸಿಗಲೇ ಇಲ್ಲ. ಅದಕ್ಕೆ ಯಾವ ಪರಿಹಾರ ಆಯೋಗವೂ ರಚನೆಯಾಗಲಿಲ್ಲ. ವಿಚಿತ್ರವೆಂದರೆ, ಆಗ ಆಕ್ರಮಣಕ್ಕೊಳಗಾದ ಇರಾಕ್ ತನ್ನ ಹಳೆಯ ಆಕ್ರಮಣದ ಕಂತನ್ನು ಕಟ್ಟುತ್ತಲೇ ಇತ್ತು! 2022ರ ಫೆಬ್ರುವರಿ 25ರಂದು ಉಕ್ರೇನ್ ಕುರಿತ ನಿರ್ಣಯ ಮಂಡಳಿಯ ಮುಂದೆ ಬಂದಾಗ ಹನ್ನೊಂದು ದೇಶಗಳು ಪರವಾಗಿ ಕೈಯೆತ್ತಿದವು. ರಷ್ಯಾ ವಿಟೊ ಚಲಾಯಿಸಿತು. ಆರೋಪಿಯೇ ನ್ಯಾಯಪೀಠದಲ್ಲಿ ಕುಳಿತರೆ ತೀರ್ಪು ಇನ್ನೇನಾದೀತು? ಸದ್ದಾಂ ಬಳಿ ವಿಟೊ ಇದ್ದಿದ್ದರೆ ಕುಂದಾಪುರಕ್ಕೆ ಒಂದು ಡಾಲರ್ ಕೂಡ ಬರುತ್ತಿರಲಿಲ್ಲ.

ಅಂದು ಮತದಾನದಿಂದ ದೂರ ಉಳಿದ ಮೂರು ದೇಶಗಳಲ್ಲಿ ಭಾರತವೂ ಒಂದು. ಇದನ್ನು ತಟ್ಟನೆ ಹೇಡಿತನ ಎನ್ನಲು ನಾನು ಸಿದ್ಧನಿಲ್ಲ. 1990ರ ಆಗಸ್ಟ್‌ನಲ್ಲಿ ನಮ್ಮ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಅವರನ್ನು ಅಪ್ಪಿಕೊಂಡ ಚಿತ್ರ ಜಗತ್ತಿನಾದ್ಯಂತ ಪ್ರಕಟವಾಗಿ, ನಮ್ಮನ್ನು ತಲೆತಗ್ಗಿಸುವಂತೆ ಮಾಡಿತೆಂದು ಅನೇಕರು ಬರೆದರು. ಅಂದು ಕುವೈತಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ಮುಂದಿನ ಎರಡು ತಿಂಗಳಲ್ಲಿ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಅಮ್ಮಾನ್‌ನಿಂದ ಕರೆತಂದವು. ಆ ಮಹಿಳೆ ನನ್ನ ಮೇಜಿನವರೆಗೆ ತಲುಪಿದ್ದರಲ್ಲಿ ಆ ಅಪ್ಪುಗೆಯ ಪಾಲೂ ಇದೆ. ಒತ್ತೆಯಾಳಿನಂತೆ ಸಿಕ್ಕಿಬಿದ್ದ ತನ್ನವರಿಗಾಗಿ ಸರ್ಕಾರವೊಂದು ಕೆಲದಿನ ನಾಲಿಗೆ ಕಚ್ಚಿಕೊಳ್ಳುವುದನ್ನು ನಾನು ಒಪ್ಪುತ್ತೇನೆ. 2022ರ ಫೆಬ್ರುವರಿಯಲ್ಲೂ ನಮ್ಮ ಇಪ್ಪತ್ತು ಸಾವಿರ ವಿದ್ಯಾರ್ಥಿಗಳು ಉಕ್ರೇನಿನಲ್ಲಿದ್ದರು.

ಆದರೆ ಅವರೆಲ್ಲ ಮಾರ್ಚ್ ಮಧ್ಯದ ಹೊತ್ತಿಗೆ ಮನೆ ಸೇರಿದ್ದರು. ನಾಲಿಗೆ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ಮರುದಿನವೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ಆಕ್ರಮಣವನ್ನು ಖಂಡಿಸಿದವು. ನಾವು ಮತ ಹಾಕದೆ ಕುಳಿತೆವು. ಅನಂತರ ರಷ್ಯಾದ ಸೈನ್ಯಕ್ಕೆ ಉದ್ಯೋಗದ ಆಮಿಷದಿಂದ ಭಾರತೀಯ ಯುವಕರನ್ನು ಸೆಳೆದ ಜಾಲ ಬಯಲಾಯಿತು. ಕಲಬುರಗಿ ಜಿಲ್ಲೆಯ ಹುಡುಗರೂ ಅದರಲ್ಲಿ ಸಿಲುಕಿ 2024ರಲ್ಲಿ ಪ್ರಾಣ ಉಳಿಸಿಕೊಂಡು ಮರಳಿದರು. ಎಲ್ಲರಿಗೂ ಆ ಭಾಗ್ಯ ದೊರೆಯಲಿಲ್ಲ. ಅಗ್ಗದ ರಷ್ಯಾ ತೈಲ ಕೊಳ್ಳುವುದನ್ನು ನಾನು ಆಕ್ಷೇಪಿಸಲಾರೆ. 1991ರ ಬೇಸಿಗೆಯನ್ನು ಬ್ಯಾಂಕಿನೊಳಗೆ ಕುಳಿತು ಕಂಡವನು ನಾನು. ಆದರೆ ತೈಲ ಕೊಳ್ಳುವವನು ಮಾತನ್ನೂ ಮಾರಬೇಕೆಂದು ಯಾವ ಕರಾರಿನಲ್ಲಿ ಬರೆದಿದೆ? ಇದು ಯುದ್ಧದ ಯುಗವಲ್ಲ ಎಂದು 2022ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಮೋದಿ ಪುಟಿನ್ ಎದುರೇ ಹೇಳಿದರು. ಒಳ್ಳೆಯ ಮಾತು. ಯಾರು ಯಾರ ಮೇಲೆ ಯುದ್ಧ ಸಾರಿದರು ಎಂಬುದು ಮಾತ್ರ ಆ ವಾಕ್ಯದಲ್ಲಿರಲಿಲ್ಲ.

2003ರ ಏಪ್ರಿಲ್‌ನಲ್ಲಿ ಅಮೆರಿಕದ ಆಕ್ರಮಣದ ವಿರುದ್ಧ ನಮ್ಮ ಸಂಸತ್ತು ನಿರ್ಣಯ ಅಂಗೀಕರಿಸಿದಾಗ, ಖಂಡನೆ ಎನ್ನಬೇಕೋ ಅದಕ್ಕಿಂತ ಮೆದುವಾದ ಪದ ಬಳಸಬೇಕೋ ಎಂದು ದಿನಗಟ್ಟಲೆ ಜಗ್ಗಾಡಿ, ಕೊನೆಗೆ ಹಿಂದಿಯಲ್ಲಿ ‘ನಿಂದಾ’ ಎಂದು ಬರೆದು ಸಮಾಧಾನಪಟ್ಟರು. ಆ ಜಗ್ಗಾಟಕ್ಕೆ ಅಂದು ನಕ್ಕಿದ್ದೆ. ಉಕ್ರೇನಿನ ವಿಷಯದಲ್ಲಿ ನಮ್ಮ ಸಂಸತ್ತು ಅಷ್ಟನ್ನಾದರೂ ಮಾಡಬಹುದಿತ್ತು ಎಂದು ಈಗ ಅನಿಸುತ್ತದೆ.

ಉಕ್ರೇನಿನ ಹಾನಿಯನ್ನು ದಾಖಲಿಸಲು 2023ರಲ್ಲಿ ಯುರೋಪಿನ ದೇಶಗಳು ಹೇಗ್ ನಗರದಲ್ಲಿ ಒಂದು ದಾಖಲಾತಿ ಕಚೇರಿ ತೆರೆದಿವೆ. ಪಾಶ್ಚಾತ್ಯ ದೇಶಗಳು ತಡೆಹಿಡಿದ ರಷ್ಯಾದ ಕೇಂದ್ರ ಬ್ಯಾಂಕಿನ ಹಣ ಸುಮಾರು 30,000 ಕೋಟಿ ಡಾಲರ್. ಅದರಿಂದ ಯಾರಿಗೆ ಎಂದು ಏನು ಸಿಕ್ಕೀತು ಎಂಬುದು ಬೇರೆ ಪ್ರಶ್ನೆ. ಕುವೈತಿನ ಅರ್ಜಿಗಳನ್ನು ಬರೆಸಿಕೊಳ್ಳುವಾಗಲೂ ಹಣ ಬರುತ್ತದೆಂದು ನಮ್ಮ ಶಾಖೆಯಲ್ಲಿ ಯಾರೂ ನಂಬಿರಲಿಲ್ಲ. ವಿದೇಶಾಂಗ ಸಚಿವಾಲಯ ಅಂದು ಮಾಡಿದ ಕೆಲಸವನ್ನು ಮತ್ತೊಮ್ಮೆ ಮಾಡಲಿ: ಹಾವೇರಿಯ ಆ ಮನೆಯಿಂದ ಆರಂಭಿಸಿ, ಶುಲ್ಕ ಕಟ್ಟಿ ಓದು ಅರ್ಧಕ್ಕೆ ನಿಂತ ಪ್ರತಿ ವಿದ್ಯಾರ್ಥಿಯ ಮನೆಗೂ, ಶವಪೆಟ್ಟಿಗೆ ಬಂದ ಪ್ರತಿ ಮನೆಗೂ ಒಂದು ಅರ್ಜಿ ನಮೂನೆ ಕಳಿಸಲಿ. ಅದಕ್ಕೆ ಯಾರ ಮತವೂ ಬೇಕಿಲ್ಲ, ಯಾರ ವಿಟೊವೂ ತಡೆಯಲಾರದು. ಅರ್ಜಿಯ ಮೊದಲ ಸಾಲಿನಲ್ಲಿ, ಈ ನಷ್ಟಕ್ಕೆ ಕಾರಣವಾದ ದೇಶ ಯಾವುದು ಎಂದು ಕೇಳಿರುತ್ತದೆ. ಆ ಜಾಗವನ್ನು ಖಾಲಿ ಬಿಡುವಂತಿಲ್ಲ.